ಕೈ ಮೂಸಿ ನೋಡುತ್ತಿದ್ದ ಉಸ್ತಾದರು

ಉಸ್ತಾದರ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳಲ್ಲಿ ಗೆರೆಗಳಿರಲಿಲ್ಲ. ತುದಿಯ ಚರ್ಮ ಬಿಳಿಚಿಕೊಂಡು, ಬಳಸಿ ಬಳಸಿ ಸವೆದ ಸೋಪಿನ ಚೂರಿನಂತೆ ನುಣ್ಣಗಾಗಿತ್ತು. ಬಲಗೈ ತೋರುಬೆರಳು ಒಂದು ಉಗುರಿನಷ್ಟು ಗಿಡ್ಡ. ಅಲ್ಲಿ ಉಗುರು ಮತ್ತೆ ಬರಲೇ ಇಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ನಮಗಿಂತ ಎರಡರಷ್ಟು ಹೊತ್ತು ಬೇಕಿತ್ತು. ಯಾರಾದರೂ ಸಹಾಯಕ್ಕೆಂದು ಕೈ ಚಾಚಿದರೆ ಸಿಡುಕುತ್ತಿದ್ದರು.

ಪ್ರತಿ ನವೆಂಬರಿನಲ್ಲಿ ಈ ಬೆರಳುಗಳದ್ದೇ ಒಂದು ರಗಳೆ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಯಂತ್ರದ ಮೇಲೆ ಬೆರಳಿಟ್ಟು ತೋರಿಸಬೇಕಲ್ಲ, ಆ ಯಂತ್ರ ಉಸ್ತಾದರನ್ನು ನಂಬುತ್ತಿರಲಿಲ್ಲ. ಜಗಳೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಒಂದೊಂದೇ ಬೆರಳನ್ನು ಒರೆಸಿ ಒರೆಸಿ ಇಡುತ್ತಾ ಹೋಗಿ, ಕೊನೆಗೆ ಎಡಗೈ ಕಿರುಬೆರಳಿಗೆ ಅದು ಹಸಿರು ದೀಪ ತೋರಿಸುತ್ತಿತ್ತು. "ನೋಡಲೇ ತಮ್ಮ, ಇಷ್ಟು ದೊಡ್ಡ ಮನುಷ್ಯ ಕಿರುಬೆರಳಿನ ಮ್ಯಾಲೆ ಬದುಕಿದೀನಿ" ಎಂದು ನಗುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ. ಆ ಬೆರಳುಗಳು ಹಾಗಾಗಲು ಕಾರಣ ನಾನು.

ಸೇನೆಯಲ್ಲಿ ಕೆಲಸ ಕಲಿಸುವವರನ್ನು ಉಸ್ತಾದ್ ಎನ್ನುವುದು ರೂಢಿ. ನಾನು ಬಸವಾಪಟ್ಟಣದವನು, ಅವರು ಜಗಳೂರು ತಾಲ್ಲೂಕಿನ ಸೊಕ್ಕೆಯವರು. ಊರಿನಲ್ಲಿದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವೇನೋ. ನಮ್ಮಿಬ್ಬರ ಭೇಟಿಯಾದದ್ದು ಲಡಾಖಿನ ಎತ್ತರದ ಒಂದು ಪೋಸ್ಟಿನಲ್ಲಿ. ಅಲ್ಲಿ ಅವರು ಆರು ಲಾರಿಗಳ ಉಸ್ತುವಾರಿ ನೋಡುವ ಹವಾಲ್ದಾರರು, ನಾನು ಇಪ್ಪತ್ತನಾಲ್ಕರ ಡ್ರೈವರ್. ನಾನು ಹೋಗಿ ಸೆಲ್ಯೂಟ್ ಹೊಡೆದು ಹೆಸರು, ಊರು ಹೇಳಿದೊಡನೆ ಅವರ ಮುಖ ಅರಳಿತು.

"ಚನ್ನಗಿರಿ ಕಡೆಯೋನಾ? ಅಲ್ಲೆಲ್ಲ ನೀರು ಜಾಸ್ತಿ, ಜನಕ್ಕೆ ಸೋಮಾರಿತನ ಜಾಸ್ತಿ. ನೋಡಾನ, ನೀನು ಹೆಂಗೆ ಅಂತ."

ಆ ಮಾತಿಗೆ ಆಗ ನನಗೆ ಸಿಟ್ಟು ಬಂದಿತ್ತು.

ಅಲ್ಲಿನ ಚಳಿಯ ಬಗ್ಗೆ ನಮ್ಮ ಕಡೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ. ಜನವರಿಯಲ್ಲಿ ಸ್ವೆಟರ್ ಹಾಕಿಕೊಂಡು ಚಹಾ ಅಂಗಡಿ ಮುಂದೆ ಕೈ ಉಜ್ಜುವವರಿಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಎಂದರೆ ಬರೀ ಲೆಕ್ಕ. ಅಲ್ಲಿ ಇಂಜಿನ್ ಆಯಿಲ್ ಜೋನಿಬೆಲ್ಲದಂತಾಗುತ್ತದೆ. ಊರಿನ ಡೀಸೆಲ್ ಆದರೆ ಪೈಪಿನೊಳಗೇ ಗಂಜಿಯಂತೆ ಗಟ್ಟಿಯಾಗುತ್ತದೆ. ಬ್ಯಾಟರಿಯನ್ನು ಹೊರಗೆ ಬಿಟ್ಟರೆ ಬೆಳಗ್ಗೆ ಅದರಲ್ಲಿ ಜೀವವಿರುವುದಿಲ್ಲ. ಸಂಜೆ ಓಡಿಸಿ ನಿಲ್ಲಿಸಿದ ಗಾಡಿ ಬೆಳಗ್ಗೆ ಕಬ್ಬಿಣದ ಬಂಡೆಯಾಗಿರುತ್ತದೆ. ಅದನ್ನು ಎಬ್ಬಿಸುವುದೇ ಅಲ್ಲಿ ನಮ್ಮ ಕೆಲಸ. ಓಡಿಸುವುದು ಆಮೇಲಿನ ಮಾತು.

ಉಸ್ತಾದರ ಕಟ್ಟುನಿಟ್ಟು ಶುರುವಾಗುತ್ತಿದ್ದದ್ದು ಹಿಂದಿನ ಸಂಜೆಯಿಂದಲೇ. ಲಾರಿಯನ್ನು ಇಳಿಜಾರಿಗೆ, ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡಿಯೇ ನಿಲ್ಲಿಸಬೇಕು. ಹ್ಯಾಂಡ್ ಬ್ರೇಕ್ ಎಳೆಯುವಂತಿಲ್ಲ, ಎಳೆದರೆ ಬೆಳಗ್ಗೆ ಚಕ್ರ ಕಚ್ಚಿಕೊಂಡು ಬಿಡುವುದೇ ಇಲ್ಲ. ಅದರ ಬದಲು ಗಾಲಿಗೆ ಕಲ್ಲು ಕೊಡಬೇಕು. ಬ್ಯಾಟರಿ ಬಿಚ್ಚಿ ಒಳಗೆ ತಂದು, ಒಲೆಯ ಹತ್ತಿರ ಕಂಬಳಿ ಹೊದಿಸಿ ಮಲಗಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಫಿಲ್ಟರಿನ ಕೆಳಗಿರುವ ಸಣ್ಣ ಬಟ್ಟಲು. ನಾವು ಅದನ್ನು ಕಪ್ ಎನ್ನುತ್ತಿದ್ದೆವು. ಡೀಸೆಲ್ಲಿನಲ್ಲಿ ಸೇರಿದ ನೀರಿನ ಅಂಶ ಅದರಲ್ಲಿ ಇಳಿದು ನಿಲ್ಲುತ್ತದೆ. ಇಂಜಿನ್ ಇನ್ನೂ ಬೆಚ್ಚಗಿರುವಾಗಲೇ ಅದರ ತಿರುಪು ಸಡಿಲಿಸಿ ಆ ನೀರನ್ನು ಚೆಲ್ಲಬೇಕು. ಚೆಲ್ಲದಿದ್ದರೆ ಅದು ಮಂಜುಗಡ್ಡೆಯಾಗಿ ಡೀಸೆಲ್ಲಿನ ದಾರಿಯನ್ನೇ ಮುಚ್ಚುತ್ತದೆ.

ಈ ಕೆಲಸ ಮಾಡುವಾಗ ಬೆರಳಿಗೆ ನಾಲ್ಕು ಹನಿ ಡೀಸೆಲ್ ಸೋಕದೆ ಇರುವುದಿಲ್ಲ. ಅದನ್ನೇ ಉಸ್ತಾದರು ಪರೀಕ್ಷೆ ಮಾಡಿಕೊಂಡಿದ್ದರು. ಹೊತ್ತು ಮುಳುಗುವ ಮುಂಚೆ ಆರೂ ಡ್ರೈವರುಗಳು ಸಾಲಾಗಿ ನಿಲ್ಲಬೇಕು. ಅವರು ಒಬ್ಬೊಬ್ಬರ ಬಲಗೈ ಹಿಡಿದು ಮೂಗಿನ ಹತ್ತಿರ ತಂದು ಮೂಸುತ್ತಿದ್ದರು. ಡೀಸೆಲ್ ವಾಸನೆ ಇದ್ದರೆ ಊಟಕ್ಕೆ ಹೋಗಬಹುದು, ಇಲ್ಲದಿದ್ದರೆ ಮತ್ತೆ ಗಾಡಿಗೆ ಹೋಗಬೇಕು. ಪಂಜಾಬಿನ ಆರಡಿ ಆಳುಗಳು ಸೊಕ್ಕೆಯ ಈ ಕುಳ್ಳ ಮನುಷ್ಯನ ಮೂಗಿಗೆ ಕೈಯೊಡ್ಡಿ ನಿಲ್ಲುವುದನ್ನು ನೋಡಿ ನನಗೆ ಮೊದಲ ವಾರವೆಲ್ಲ ನಗು ತಡೆಯಲಾಗುತ್ತಿರಲಿಲ್ಲ.

"ಬಾಯಿ ಸುಳ್ಳು ಹೇಳ್ತೈತೆ, ಕೈ ಹೇಳಲ್ಲ" ಎನ್ನುತ್ತಿದ್ದರು.

ಬೆಳಗಿನ ಶಾಸ್ತ್ರ ಬೇರೆ. ಕೀಲಿ ತಿರುಗಿಸಿ ಹತ್ತು ಎಣಿಸುವವರೆಗೆ ಮಾತ್ರ ಇಂಜಿನ್ ಸುತ್ತಿಸಬೇಕು. ಹಿಡಿಯದಿದ್ದರೆ ಬಿಟ್ಟು ನೂರು ಎಣಿಸಬೇಕು, ಆಮೇಲೆ ಮತ್ತೆ ಹತ್ತು. ಉಸ್ತಾದರ ಹಿಂದಿಯಲ್ಲಿ ಮುಕ್ಕಾಲು ಪಾಲು ಕನ್ನಡವೇ ಇದ್ದದ್ದರಿಂದ ಎಣಿಕೆಯೂ ಕನ್ನಡದಲ್ಲೇ ನಡೆಯುತ್ತಿತ್ತು. ಹಾಗಾಗಿ ನಮ್ಮ ಪೋಸ್ಟಿನ ಬಿಹಾರಿಗಳು, ಪಂಜಾಬಿಗಳೆಲ್ಲ ಹತ್ತರವರೆಗೆ ಕನ್ನಡ ಕಲಿತಿದ್ದರು. ಬೆಳಗಾದರೆ ಆ ಹಿಮದ ಬಯಲಿನಲ್ಲಿ ನಾಲ್ಕು ದಿಕ್ಕಿನಿಂದ ಒಂದು, ಎರಡು, ಮೂರು ಎಂದು ಕೇಳುತ್ತಿತ್ತು. ಇಂಜಿನ್ ಹಿಡಿದ ಮೇಲೂ ನೂರು ಎಣಿಸದೆ ಗಾಡಿ ಕದಲಿಸುವಂತಿರಲಿಲ್ಲ. ನಾನೊಮ್ಮೆ ಆತುರಪಟ್ಟು ಆಕ್ಸಿಲರೇಟರ್ ಒತ್ತಿದ್ದಕ್ಕೆ ಬಾಗಿಲು ತೆಗೆದು ಕಾಲಿನ ಮೇಲೆ ಬಾರಿಸಿದ್ದರು.

"ಎತ್ತು ಎಬ್ಬಿಸಿದ ಕೂಡ್ಲೆ ನೊಗ ಇಟ್ಟು ಬಾರುಕೋಲು ತೋರಿಸ್ತಾರೇನ್ಲೇ? ಎದ್ದು ಮೈ ಕೊಡವಿಕೊಳ್ಳಾಕೆ ಬಿಡಬೇಕು. ಇದುಕ್ಕೂ ಹಂಗೇಯಾ. ಮೈ ಬಿಸಿ ಆಗ್ಲಿ."

ಅವರ ಅಪ್ಪ ಸೊಕ್ಕೆಯಲ್ಲಿ ಒಂದು ಜೊತೆ ಎತ್ತು ಕಟ್ಟಿ ಬೇಸಾಯ ಮಾಡಿದವರು. ಉಸ್ತಾದರಿಗೆ ಲಾರಿ ಕೊನೆಯವರೆಗೂ ಆ ಎತ್ತುಗಳ ಬಳಗವೇ ಆಗಿತ್ತು. ಬಾನೆಟ್ ಮೇಲಿನ ಹಿಮ ಸರಿಸುತ್ತಾ "ಏಳಪ್ಪ, ಏಳು, ಹೊತ್ತಾತು" ಎಂದು ಅದರ ಜೊತೆ ಮಾತಾಡುತ್ತಿದ್ದರು. ನಮ್ಮ ಜೊತೆ ಅಷ್ಟು ಮೃದುವಾಗಿ ಮಾತಾಡಿದ್ದು ಕಡಿಮೆ.

ಈಗ ಆ ಸಂಜೆಯ ವಿಷಯ ಹೇಳಬೇಕು.

ಪೋಸ್ಟಿನಲ್ಲಿದ್ದ ಒಂದೇ ಫೋನಿನಲ್ಲಿ ವಾರಕ್ಕೊಮ್ಮೆ ಮೂರು ನಿಮಿಷ ಮಾತಾಡಲು ನಮಗೆ ಸರದಿ ಬರುತ್ತಿತ್ತು. ಊರಿನಲ್ಲಿ ನನ್ನ ತಂಗಿ ಚೊಚ್ಚಲ ಬಸುರಿ, ದಿನ ತುಂಬಿತ್ತು. ನಾನು ಲಾರಿ ನಿಲ್ಲಿಸಿ, ಕಲ್ಲು ಕೊಟ್ಟು, ಬ್ಯಾಟರಿ ಬಿಚ್ಚುತ್ತಿದ್ದಾಗ ಫೋನಿನ ಕೋಣೆಯಿಂದ ನನ್ನ ಹೆಸರು ಕೂಗಿದರು. ಕಪ್ಪಿನ ನೀರು ಆಮೇಲೆ ಇಳಿಸಿದರಾಯಿತೆಂದು ಬ್ಯಾಟರಿ ಹೊತ್ತುಕೊಂಡು ಓಡಿದೆ. ಹೆಣ್ಣು ಮಗುವಾಗಿತ್ತು. ಅವ್ವನ ದನಿ, ಹಿಂದೆ ಎಲ್ಲೋ ಆ ಕೂಸಿನ ಅಳು, ಅಷ್ಟರಲ್ಲಿ ಮೂರು ನಿಮಿಷ ಮುಗಿಯಿತು. ಹೊರಗೆ ಬಂದಾಗ ಉಸ್ತಾದರು ಉಳಿದ ಐವರ ಕೈ ಮೂಸಿ ಮುಗಿಸಿ ಎದುರಿಗೇ ಬರುತ್ತಿದ್ದರು.

"ಕಪ್ ಇಳಿಸಿದ್ಯಾ?"

"ಆಯ್ತು ಉಸ್ತಾದ್. ನನ್ನ ತಂಗಿಗೆ ಹೆಣ್ಣು ಮಗು ಅಂತೆ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಊಟ ಮಾಡಿ ಹೋಗಿ ಇಳಿಸಿಬಿಡುತ್ತೇನೆ ಎಂಬ ಧೈರ್ಯದಲ್ಲಿ ಬಾಯಿಗೆ ಬಂದ ಮಾತು ಅದು. ಉಸ್ತಾದರು ನಕ್ಕು, ಬೆನ್ನಿಗೆ ಗುದ್ದಿ, ಜೇಬಿನಿಂದ ಒಂದು ಬೆಲ್ಲದ ಚೂರು ತೆಗೆದು ನನ್ನ ಬಾಯಿಗೇ ಇಟ್ಟರು. ಕೈ ಕೇಳಲಿಲ್ಲ. ನಾನು ಊಟ ಮಾಡಿದೆ. ಒಲೆಯ ಬೆಚ್ಚಗಿನಲ್ಲಿ ಕೂತವನಿಗೆ ಹಾಗೆಯೇ ನಿದ್ದೆ ಹತ್ತಿತು.

ಬೆಳಕು ಹರಿಯುತ್ತಿದ್ದಂತೆ ಐದು ಲಾರಿಗಳು ಸರಕು ತರಲು ಕೆಳಗೆ ಹೊರಟವು. ಏನಾದರೂ ತುರ್ತು ಬಂದರೆ ಇರಲೆಂದು ನನ್ನ ಗಾಡಿಯನ್ನು ಪೋಸ್ಟಿನಲ್ಲೇ ಉಳಿಸಿದ್ದರು. ಒಂದು ಗಂಟೆ ಕಳೆದಿರಬೇಕು, ನಮ್ಮ ಅಡುಗೆಯವನು ಕುಸಿದು ಬಿದ್ದ. ಕೇರಳದವನು, ನಲವತ್ತು ದಾಟಿದ್ದವನು. ಎರಡು ದಿನದಿಂದ ಕೆಮ್ಮುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ಉಸಿರಾಡಿದರೆ ಎದೆಯೊಳಗೆ ಗೊರಗೊರ ಸದ್ದು, ತುಟಿ ನೀಲಿ. ಎತ್ತರದ ಜಾಗದಲ್ಲಿ ಶ್ವಾಸಕೋಶಕ್ಕೆ ನೀರು ಸೇರುವ ಕಾಯಿಲೆ ಅದು. ಬೇಗ ಕೆಳಗಿಳಿಸುವುದೊಂದೇ ಮದ್ದು. ಮೋಡ ಕವಿದಿದ್ದರಿಂದ ಹೆಲಿಕಾಪ್ಟರ್ ಬರುವಂತಿರಲಿಲ್ಲ. "ಮಧ್ಯಾಹ್ನದೊಳಗೆ ಕೆಳಗಿನ ಆಸ್ಪತ್ರೆ ಮುಟ್ಟಬೇಕು, ಇಲ್ಲದಿದ್ದರೆ ಇಲ್ಲ" ಎಂದ ನಮ್ಮ ಔಷಧಿ ಕೊಡುವವನು.

ನಾನು ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದೆ. ಹತ್ತು ಎಣಿಸಿದೆ. ಇಂಜಿನ್ ಸುತ್ತಿತು, ಹಿಡಿಯಲಿಲ್ಲ. ನೂರು ಎಣಿಸಿ ಮತ್ತೆ ಹತ್ತು. ಮೂರನೆಯ ಸಲಕ್ಕೆ ನನಗೆ ಕಪ್ ನೆನಪಾಯಿತು.

ಅಷ್ಟರಲ್ಲಿ ಉಸ್ತಾದರು ಬಾನೆಟ್ ಎತ್ತಿದ್ದರು. ಕಪ್ಪಿನೊಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿದ್ದ ಮಂಜುಗಡ್ಡೆ ಅವರಿಗೂ ಕಂಡಿತು, ನನಗೂ ಕಂಡಿತು. ಅವರು ನನ್ನನ್ನು ಒಂದೇ ಒಂದು ಸಲ ನೋಡಿದರು. ಬೈಯಲಿಲ್ಲ. ಕೈಗವಸು ಬಿಚ್ಚತೊಡಗಿದರು.

ಆ ಸಣ್ಣ ತಿರುಪುಗಳು ದಪ್ಪ ಕೈಗವಸಿಗೆ ಸಿಗುವುದಿಲ್ಲ. ಬರಿಗೈಯಲ್ಲಿ ಬಿಚ್ಚಬೇಕು. ಗಡ್ಡೆ ತೆಗೆದ ಮೇಲೂ ಪೈಪಿನೊಳಗೆ ಸೇರಿದ ಗಾಳಿ ಹೋಗುವವರೆಗೆ ಪಂಪು ಒತ್ತುತ್ತಾ ಡೀಸೆಲ್ ಹರಿಸಬೇಕು. ನೀರಾದರೆ ಅಷ್ಟು ಚಳಿಗೆ ಗಡ್ಡೆಯಾಗಿ ನಿಂತುಬಿಡುತ್ತದೆ. ಅಲ್ಲಿ ಬಳಸುವ ಡೀಸೆಲ್ ಮಾತ್ರ ಅಷ್ಟೇ ತಣ್ಣಗಿದ್ದರೂ ಹರಿಯುತ್ತಲೇ ಇರುತ್ತದೆ. ಚರ್ಮದ ಮೇಲೆ ಬಿದ್ದರೆ ಮೊದಲು ಸುಡುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಸಂಜೆ ಬೆಚ್ಚಗಿನ ಇಂಜಿನ್ನಿನಿಂದ ಬೀಳುವ ನಾಲ್ಕು ಹನಿ ಬೇರೆ, ಹೀಗೆ ತಣ್ಣಗಾದ ಡೀಸೆಲ್ಲನ್ನು ಬರಿಗೈಯಿಂದ ಮುಟ್ಟಬಾರದೆಂದು ನಮಗೆ ದಿನಾ ಹೇಳುತ್ತಿದ್ದವರು ಅವರೇ.

"ನಾನು ಮಾಡ್ತೀನಿ ಉಸ್ತಾದ್, ನೀವು ಬಿಡ್ರಿ" ಎಂದು ಅವರ ತೋಳು ಹಿಡಿದೆ.

ಅವರು ಮೊಣಕೈಯಿಂದ ತಳ್ಳಿದರು. "ನೀನು ಗಾಡಿ ಓಡಿಸಬೇಕು. ಸ್ಟೇರಿಂಗ್ ಹಿಡಿಯಾಕೆ ನಿನ್ ಕೈ ಬೇಕು. ಜೇಬಿನಾಗೆ ಇಟ್ಕೊಂಡು ಬೆಚ್ಚಗೆ ಮಾಡ್ಕೋ ಹೋಗು."

ಇಪ್ಪತ್ತು ನಿಮಿಷವಾದರೂ ಆಗಿರಬೇಕು. ನಾನು ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ. ನನ್ನ ಬಾಳಿನಲ್ಲಿ ಅಷ್ಟು ಉದ್ದದ ಇಪ್ಪತ್ತು ನಿಮಿಷ ಮತ್ತೆ ಬಂದಿಲ್ಲ. ಕೊನೆಗೆ ಅವರು ತಲೆಯಾಡಿಸಿದರು. ನಾನು ಕೀಲಿ ತಿರುಗಿಸಿದೆ. ಅವರು ಗಟ್ಟಿಯಾಗಿ ಎಣಿಸಿದರು. ಏಳಕ್ಕೆ ಇಂಜಿನ್ ಹಿಡಿಯಿತು. ಹಿಂದೆ ಮಲಗಿಸಿದ್ದ ಅಡುಗೆಯವನ ಉಸಿರು ನನಗೆ ಮುಂದಕ್ಕೆ ಕೇಳುತ್ತಿತ್ತು. ನಾನು ಗೇರಿಗೆ ಕೈ ಹಾಕಿದೆ. ಉಸ್ತಾದರು ತಡೆದರು. "ನೂರು ಎಣಿಸು. ಈಗ ಎಳೆದ್ರೆ ದಾರಿಯಾಗೆ ಕೈ ಕೊಡ್ತೈತೆ." ಅಳುತ್ತಾ ಎಣಿಸಿದೆ. ಅವರು ಪಕ್ಕದಲ್ಲಿ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೂತು, ದಾರಿಯುದ್ದಕ್ಕೂ ತಿರುವು ಬಂದಾಗ "ನಿಧಾನ" ಎಂದದ್ದು ಬಿಟ್ಟರೆ ಮಾತಾಡಲಿಲ್ಲ.

ಅಡುಗೆಯವನು ಬದುಕಿದ. ಉಸ್ತಾದರ ಬೆರಳುಗಳು ಮೊದಲು ಮೇಣದಂತಿದ್ದವು, ಆಮೇಲೆ ಊದಿ ಗುಳ್ಳೆಯಾದವು, ಆಮೇಲೆ ಕಪ್ಪಾದವು. ವಿಚಾರಣೆಗೆ ಬಂದ ಅಧಿಕಾರಿ ಕಪ್ಪಿನಲ್ಲಿ ನೀರು ಹೇಗೆ ಉಳಿಯಿತೆಂದು ಕೇಳಿದಾಗ, ಎರಡೂ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಹಾಸಿಗೆಯ ಮೇಲೆ ಕೂತಿದ್ದ ಉಸ್ತಾದರು ತಮ್ಮ ಹರಕು ಹಿಂದಿಯಲ್ಲಿ, ಅದನ್ನು ನೋಡುವುದು ತನ್ನ ಕೆಲಸ, ತಾನು ನೋಡಲಿಲ್ಲ ಎಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ನೌಕರಿ ಹೋಗುತ್ತದೆ ಎಂಬ ಹೆದರಿಕೆ. ಆ ವರ್ಷ ಅವರಿಗೆ ಬಡ್ತಿ ಸಿಗುವುದಿತ್ತು, ಅದು ತಪ್ಪಿತು. ಕೈ ಹೀಗಾದ ಮೇಲೆ ಡ್ರೈವರ್ ಕೆಲಸಕ್ಕೆ ಲಾಯಕ್ಕಿಲ್ಲವೆಂದು ಮನೆಗೂ ಕಳಿಸಿದರು. ನನಗೆ ಏನೂ ಆಗಲಿಲ್ಲ. ಇನ್ನೂ ಹನ್ನೆರಡು ವರ್ಷ ಸೇವೆ ಮಾಡಿ, ಹೂಗುಚ್ಛ ಹಿಡಿದುಕೊಂಡು ನಿವೃತ್ತನಾಗಿ ಬಂದೆ. ಈಗ ಹೊನ್ನಾಳಿಯಲ್ಲಿ ಜನಕ್ಕೆ ಗಾಡಿ ಓಡಿಸುವುದನ್ನು ಕಲಿಸುತ್ತೇನೆ. ನನ್ನನ್ನೂ ಕೆಲವರು ಗೌರವದಿಂದ ಮಾತಾಡಿಸುತ್ತಾರೆ. ತಂಗಿಯ ಮಗಳ ಹುಟ್ಟುಹಬ್ಬ ಬಂದಾಗ ಮಾತ್ರ ನಾನು ಕೇಕು ಮುಟ್ಟುವುದಿಲ್ಲ.

ಉಸ್ತಾದರು ಸೊಕ್ಕೆಯಲ್ಲಿ ಹಳೆಯ ಡೀಸೆಲ್ ಜೀಪೊಂದನ್ನು ಕೊಂಡು ಜಗಳೂರಿಗೆ ಬಾಡಿಗೆ ಹೊಡೆಯುತ್ತಿದ್ದರು. ಸೇನೆ ಬೇಡವೆಂದ ಕೈಯಲ್ಲೇ ಸ್ಟೇರಿಂಗ್ ಹಿಡಿದಿದ್ದರು. ಬಿಸಿಲಿಗೆ ರೇಡಿಯೇಟರ್ ಕುದಿಯುವ ಆ ಊರಿನಲ್ಲೂ ಅವರ ಜೀಪು ಸಂಜೆಯಾದರೆ ಇಳಿಜಾರಿನಲ್ಲಿ ಪೂರ್ವಕ್ಕೆ ಮುಖ ಮಾಡಿ, ಗಾಲಿಗೆ ಕಲ್ಲು ಕೊಟ್ಟುಕೊಂಡು ನಿಲ್ಲುತ್ತಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನೂರು ಎಣಿಸುವವರೆಗೆ ಹೊರಡುತ್ತಿರಲಿಲ್ಲ. ಸಂತೆಗೆ ಹೋಗುವ ಹೆಂಗಸರು "ನಿಮ್ ಮಿಲ್ಟ್ರಿ ಮಂತ್ರ ಮುಗೀತೇನ್ರೀ?" ಎಂದು ಕಾಲೆಳೆಯುತ್ತಿದ್ದರಂತೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಆಕೆಯ ಹತ್ತಿರವೂ ಉಸ್ತಾದರು ಬೆರಳಿನ ವಿಷಯಕ್ಕೆ "ಚಳಿಗೆ ಹೋದ್ವು" ಎಂದಷ್ಟೇ ಹೇಳಿದ್ದರು.

ಊರಿಗೆ ಬಂದ ಮೇಲೆ ಪ್ರತಿ ನವೆಂಬರ್ ಅವರ ಜೀಪಿನಲ್ಲೇ ಅವರ ಜೊತೆ ಜಗಳೂರಿಗೆ ಹೋಗಿಬರುವ ಕೆಲಸ ನಾನೇ ಕೇಳಿ ಪಡೆದೆ. ಈ ಸಲ ಹೇಳಿಬಿಡಬೇಕೆಂದು ಹೊನ್ನಾಳಿಯಿಂದ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿ, ಊಟ ಮಾಡಿ, ಹೇಳದೆ ವಾಪಸ್ಸು ಬರುತ್ತಿದ್ದೆ. ಮೂರು ನವೆಂಬರ್ ಹೀಗೇ ಕಳೆದವು. ಕಳೆದ ನವೆಂಬರಿನಲ್ಲಿ ಎಡಗೈ ಕಿರುಬೆರಳನ್ನೂ ಯಂತ್ರ ಐದು ಸಲ ಒಪ್ಪಲಿಲ್ಲ. ಆರನೆಯ ಸಲಕ್ಕೆ ಹಸಿರು ದೀಪ ಬಂತು. ಹೊರಗೆ ಬಂದು ಜೀಪಿನಲ್ಲಿ ಕೂತಾಗ ಉಸ್ತಾದರು ಯಾಕೋ ನಗಲಿಲ್ಲ. ಸುಮ್ಮನೆ ಬೆರಳುಗಳನ್ನು ನೋಡಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಉಸ್ತಾದ್, ಆವತ್ತು ನಾನು ಕಪ್ ಇಳಿಸಿರಲಿಲ್ಲ. ಸುಳ್ಳು ಹೇಳಿದೆ."

ಅವರು ಬೆರಳುಗಳಿಂದ ಕಣ್ಣು ತೆಗೆದು ರಸ್ತೆಯ ಕಡೆ ತಿರುಗಿದರು.

"ಇದನ್ನ ಹೇಳಾಕೆ ಹದಿನೈದು ವರ್ಷ ಬೇಕಾತೇನ್ಲೇ? ಲಡಾಖಿನಾಗೆ ಇಂಜಿನ್ನೂ ಇಷ್ಟು ಹೊತ್ತು ತಗಳ್ತಿರಲಿಲ್ಲ." ಆ ದನಿಯಲ್ಲಿ ಸಿಟ್ಟಿತ್ತು. ಹದಿನೈದು ವರ್ಷ ಅದುಮಿಟ್ಟುಕೊಂಡ ಸಿಟ್ಟು. ನಾನು ತಲೆ ತಗ್ಗಿಸಿದೆ. ಆಮೇಲೆ ಅವರೇ ಮೆಲ್ಲಗೆ ಅಂದರು: "ಆವತ್ತು ಬೆಳಿಗ್ಗೆ ಕಪ್ ನೋಡಿದಾಗಲೇ ಗೊತ್ತಾತು ನಂಗೆ. ಬೈಯಾಕೆ ಬಾಯಿ ಬರಲಿಲ್ಲ. ಐದು ಮಂದಿ ಕೈ ಮೂಸಿದ್ದೆ. ನಿನ್ ಕೈ ಒಂದು ಮೂಸಲಿಲ್ಲ. ನಮ್ಮ ಕಡೆಯೋನು, ಖುಷಿಯಾಗವ್ನೆ, ಯಾಕೆ ಕೇಳಾದು ಅಂತ ಬಿಟ್ಟೆ. ನಾನು ಸಾಹೇಬ್ರಿಗೆ ಹೇಳಿದ್ದು ಸುಳ್ಳಲ್ಲ ತಮ್ಮ. ಅದನ್ನ ನೋಡಬೇಕಾದೋನು ನಾನೇಯಾ."

ಕೀಲಿ ತಿರುಗಿಸಿ ಎಣಿಸಲು ಶುರು ಮಾಡಿದರು. ಆ ವಿಷಯ ಮತ್ತೆ ನಮ್ಮಿಬ್ಬರ ನಡುವೆ ಬರಲಿಲ್ಲ.

ಜನವರಿಯ ಒಂದು ಬೆಳಗ್ಗೆ ಅಕ್ಕನ ಫೋನು ಬಂತು. "ತಮ್ಮಾ, ನಿಮ್ ಉಸ್ತಾದ್ರು ಏಳಲಿಲ್ಲಪ್ಪಾ" ಅಂದರು. ಹೃದಯ ನಿಂತಿತ್ತಂತೆ, ಮಲಗಿದಲ್ಲೇ. ಐವತ್ತಾರು ವಯಸ್ಸು. ನಾನು ಸೊಕ್ಕೆ ಮುಟ್ಟುವ ಹೊತ್ತಿಗೆ ಅವರನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಣ್ಣಿಗೆ ಅವರದೇ ಹೊಲದಲ್ಲಿ ಗುಂಡಿ ತೆಗೆದಾಗಿತ್ತು. ಹೊಲ ಊರಿನಿಂದ ಎರಡು ಮೈಲಿ.

"ಅವ್ರ ಜೀಪಿನಾಗೇ ಹೋಗ್ಲಿ. ನೀನೇ ಓಡ್ಸು" ಎಂದರು ಅಕ್ಕ.

ಜೀಪು ಇಳಿಜಾರಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಗಾಲಿಗೆ ಅವರೇ ಕೊಟ್ಟಿದ್ದ ಕಲ್ಲುಗಳು ಇನ್ನೂ ಹಾಗೇ ಇದ್ದವು. ಹಿಂದಿನ ಎರಡು ದಿನ ಮೈ ಸರಿಯಿಲ್ಲವೆಂದು ಜೀಪು ತೆಗೆದೇ ಇರಲಿಲ್ಲವಂತೆ. ಅವರ ಅಣ್ಣನ ಮಗ ಆಗಲೇ ಹತ್ತಿ ಕೂತು ಬಿಡದೆ ಕೀಲಿ ತಿರುಗಿಸುತ್ತಿದ್ದ. ಅವನನ್ನು ಇಳಿಸಿದೆ. ಬಾನೆಟ್ ಎತ್ತಿ, ಫಿಲ್ಟರಿನ ಕೆಳಗಿನ ಕಪ್ಪಿನ ತಿರುಪನ್ನು ಬರಿಗೈಯಲ್ಲಿ ಸಡಿಲಿಸಿದೆ. ಒಂದು ಚಮಚದಷ್ಟು ನೀರು ಇಳಿಯಿತು, ಹಿಂದೆಯೇ ಡೀಸೆಲ್ ಬೆರಳ ಮೇಲೆ ಹರಿಯಿತು. ತಣ್ಣಗಿತ್ತು, ಅಷ್ಟೇ. ಯಾರೋ ಬಟ್ಟೆ ಕೊಡಲು ಬಂದರು. ಬೇಡ ಎಂದೆ.

ಹಾಗೆಯೇ ಜಗಲಿಗೆ ಹೋಗಿ ಉಸ್ತಾದರ ಮುಂದೆ ನಿಂತೆ. ಬಲಗೈಯನ್ನು ಅವರ ಮೂಗಿನ ಹತ್ತಿರ ಹಿಡಿದೆ.

"ಆಯ್ತು ಉಸ್ತಾದ್. ಮೂಸಿ ನೋಡ್ರಿ."

ಸುತ್ತ ಇದ್ದವರು ನನಗೆ ದುಃಖದಲ್ಲಿ ಏನೋ ಆಗಿದೆ ಅಂದುಕೊಂಡಿರಬೇಕು. ಇಬ್ಬರು ಬಂದು ತೋಳು ಹಿಡಿದರು. ಅಕ್ಕ ಮಾತ್ರ ಕೈಯೆತ್ತಿ ಅವರನ್ನು ತಡೆದರು. ನಾನು ನಿಲ್ಲುವಷ್ಟು ಹೊತ್ತು ನಿಂತೆ.

ಆಮೇಲೆ ಅವರನ್ನು ಎತ್ತಿ ಜೀಪಿನಲ್ಲಿ ಕೂರಿಸಿದೆವು. ಕೀಲಿ ತಿರುಗಿಸಿ ಗಟ್ಟಿಯಾಗಿ ಎಣಿಸಿದೆ. ನಾಲ್ಕಕ್ಕೆ ಇಂಜಿನ್ ಹಿಡಿಯಿತು. ಅಣ್ಣನ ಮಗ ಗಾಲಿಯ ಕಲ್ಲು ತೆಗೆಯಲು ಬಗ್ಗಿದ. ನಾನು ಬೇಡವೆಂದು ಸನ್ನೆ ಮಾಡಿ ಒಂದರಿಂದ ಶುರು ಮಾಡಿದೆ. ಇಪ್ಪತ್ತಕ್ಕೆ ಬರುವ ಹೊತ್ತಿಗೆ ಹಿಂದಿನಿಂದ ಒಂದು ಹೆಂಗಸಿನ ದನಿ ಸೇರಿತು, ಆಮೇಲೆ ಇನ್ನೊಂದು. ಸಂತೆಗೆ ಅವರ ಜೀಪಿನಲ್ಲಿ ಹೋಗುತ್ತಿದ್ದವರು. ನೂರರವರೆಗೆ ಎಲ್ಲರೂ ಎಣಿಸಿದೆವು. ಆಮೇಲೆ ಕಲ್ಲು ತೆಗೆದರು.